ಮರಳುವ ದಾರಿಯ ಸುಂಕ

ಗ್ರಿಮ್ಸ್‌ಬಿ ಬಂದರಿನ ಬೆನ್ನಿಗೆ ಮೀನಿನ ಕಾರ್ಖಾನೆ.
ಶನಿವಾರ ರಾತ್ರಿ ಎರಡು ಗಂಟೆ. ಬೆಲ್ಟುಗಳು ನಿಂತಿವೆ.
ತೊಳೆದ ನೆಲದ ಮೇಲೆ ಇನ್ನೂ ಕಾಡ್ ಮೀನಿನ ವಾಸನೆ,
ಅದರ ಮೇಲೆ ಕ್ಲೋರಿನ್, ಅದರ ಮೇಲೆ
ನನ್ನ ಫ್ಲಾಸ್ಕಿನ ಆರಿದ ಚಹಾ.

ರೋಕಸ್ ಹತ್ತೊಂಬತ್ತರ ಹುಡುಗ, ಕೆಲಸ ಕಲಿಯುತ್ತಿದ್ದಾನೆ.
ಏನನ್ನು ಅಳೆಯುತ್ತಿದ್ದೇವೆ, ಹೇಳು ನೋಡೋಣ, ಎಂದೆ.
ಅರ್ಥಿಂಗ್, ಎಂದ.
ಅಲ್ಲ ಮಾರಾಯ. ದಾರಿ.

ತಪ್ಪಿದ ಕರೆಂಟು ನೆಲದಲ್ಲಿ ಇಂಗಿಹೋಗುವುದಿಲ್ಲ,
ಹಾಗೆಂದು ನಂಬಿ ಮುದುಕರಾದವರು ಬಹಳ ಜನ.
ಅದಕ್ಕೆ ಬೇಕಾದದ್ದು ತವರು:
ಗೇಟಿನಾಚೆ ಬೇಲಿಯೊಳಗೆ ಗುಂಯ್‌ಗುಡುತ್ತ ನಿಂತ
ಟ್ರಾನ್ಸ್‌ಫಾರ್ಮರಿನ ಹೊಟ್ಟೆ.
ಕಂದು ತಂತಿಯಲ್ಲಿ ಬಂದದ್ದು
ಸಿಪ್ಪೆ ಸುಲಿದಲ್ಲಿ ಯಂತ್ರದ ಮೈಗೆ ತಾಗಿತೋ,
ಹಸಿರು-ಹಳದಿ ಹಿಡಿದು ಮನೆಗೆ ಓಡಬೇಕು.
ಎಂಥ ಓಟವೆಂದರೆ, ನಡುದಾರಿಯ ಬ್ರೇಕರು
ಬೆಚ್ಚಿಬಿದ್ದು, ಅರ್ಧ ಸೆಕೆಂಡು ತುಂಬುವ ಮೊದಲೇ
ಪಟ್ಟನೆ ಬಾಗಿಲು ಹಾಕಿಕೊಳ್ಳಬೇಕು.

ಬಂದ ದಾರಿಗೆ ಸುಂಕವಿಲ್ಲ ಎನ್ನುತ್ತಾರೆ.
ಇಲ್ಲಿ ಹಾಗಲ್ಲ. ಬರುವುದಕ್ಕೂ ಸುಂಕ, ಮರಳುವುದಕ್ಕೂ ಸುಂಕ,
ಎರಡನ್ನೂ ಕೂಡಿಸಿ ಬರೆಯುವುದು ನನ್ನ ಹೊಟ್ಟೆಪಾಡು.
ಸುಂಕ ಹೆಚ್ಚಿದರೆ ಓಟ ನಡಿಗೆಯಾಗುತ್ತದೆ,
ಬ್ರೇಕರಿಗೆ ನಿದ್ದೆ ಹರಿಯುವುದಿಲ್ಲ,
ಯಂತ್ರ ಕಾದು ಕೂತಿರುತ್ತದೆ
ಯಾವುದೋ ಒಂದು ಒದ್ದೆ ಕೈಗೆ.

ಮೀಟರು ಆಡುವುದು ಸಣ್ಣ ಕಳ್ಳಾಟ.
ರೆಪ್ಪೆ ಬಡಿಯುವಷ್ಟು ಹೊತ್ತು ತಾನೇ ತಪ್ಪು ಮಾಡಿ
ತಪ್ಪು ಹೇಗೆ ಮನೆ ಸೇರಿತೆಂದು ನೋಡುತ್ತದೆ.

ಒಂದನೇ ಸರ್ಕ್ಯೂಟು: ಸೊನ್ನೆ ಬಿಂದು ನಾಲ್ಕು ಎರಡು ಓಮ್. ಬರೆದುಕೋ.
ಎರಡನೆಯದು: ಐದು ಎಂಟು. ಬರೆದುಕೋ.
ಹನ್ನೊಂದು, ಮೀನಿಗೆ ಹಿಮದ ಮೆರುಗು ಹಾಕುವ ಯಂತ್ರ:
ಒಂದು ಬಿಂದು ಒಂಬತ್ತು ನಾಲ್ಕು.
ಮತ್ತೆ ಒತ್ತಿದೆ. ಒಂಬತ್ತು ಆರು.
ಒಂದು ಬಿಂದು ಒಂದನ್ನು ದಾಟುವಂತಿರಲಿಲ್ಲ.

ಹಳೆಯ ಹಾಳೆ ಬಿಡಿಸಿದೆ. ಐದು ವರ್ಷದ ಹಿಂದೆ
ಹದಿನಾಲ್ಕು ಸಾಲಿಗೂ ಒಂದೇ ಅಂಕಿ, ಸೊನ್ನೆ ಬಿಂದು ನಾಲ್ಕು ಐದು,
ಒಂದೇ ಪೆನ್ನು, ಒಂದೇ ಉಸಿರು.
ಸಹಿ ಮಾತ್ರ ಮುತ್ತಿನಂತಿದೆ.
ಪುಣ್ಯಾತ್ಮ ಕುರ್ಚಿಯಿಂದ ಎದ್ದಿರಲಾರ.

ಆಗ ಬಾಯಿಬಿಟ್ಟ ರೋಕಸ್.
ಅವನ ಚಿಕ್ಕಮ್ಮ ಜಿವಿಲೆ ನಿಲ್ಲುವುದು ಇಲ್ಲೇ.
ಬೇಸಗೆಯಿಂದ ಹೇಳುತ್ತಿದ್ದಾಳಂತೆ ಕೈ ಜುಮ್ಮೆನ್ನುತ್ತದೆಂದು,
ಸೂಪರ್ವೈಸರಿಗೆ; ಅವನು ಮ್ಯಾನೇಜರಿಗೆ; ಅವನು
ಯಾರೂ ತೆರೆಯದ ಒಂದು ಇಮೇಲಿಗೆ.
ಲಿಥುವೇನಿಯದವಳು. ಜುಮ್ಮಿಗೆ ಇಂಗ್ಲಿಷ್ ಸಿಗದೆ
ಯಂತ್ರ ಕಚಗುಳಿ ಇಡುತ್ತದೆ ಅಂದಳಂತೆ.
ನಕ್ಕರಂತೆ.
ದಪ್ಪ ಗ್ಲೌಸು ಕೊಟ್ಟರಂತೆ.

ನೀನು ಯಾರಿಗೂ ಹೇಳಲಿಲ್ಲವೇ, ಎಂದು ಕೇಳಲು ಹೋದೆ.
ಕೇಳಲಿಲ್ಲ. ಹತ್ತೊಂಬತ್ತು ವರ್ಷ.

ಸ್ವಿಚ್ಚಿಗೆ ಬೀಗ ಜಡಿದು, ಕೀಲಿ ಜೇಬಿಗಿಟ್ಟು,
ಐವತ್ತೆಂಟರ ಮಂಡಿಯೂರಿ ಹಿಂಬದಿಯ ಡಬ್ಬಿ ಬಿಚ್ಚಿದೆ.
ಒಂದು ಚಮಚ ಉಪ್ಪುನೀರು ತೋಳಿಗೆ ಸುರಿಯಿತು.
ಹಸಿರು-ಹಳದಿಯ ತುದಿಯಲ್ಲಿ ಪಾಚಿಬಣ್ಣದ ಹೂ ಅರಳಿತ್ತು.
ಪಾನಾ ಬೇಕಾಗಲಿಲ್ಲ, ನಟ್ಟು ಬೆರಳಿಗೇ ತಿರುಗಿತು.
ಉಜ್ಜಿ, ಹೊಸ ಲಗ್ ಒತ್ತಿ, ವಾಷರು ಹಾಕಿ, ಕಿರ್ರೆನ್ನುವಷ್ಟು ಬಿಗಿದೆ.
ಮೋಟಾರೂ ಸೋರುತ್ತಿತ್ತು, ಅದಕ್ಕೆ ಬೇರೆ ಹಾಳೆ.

ಸೊನ್ನೆ ಬಿಂದು ಆರು ಒಂದು.

ಲಿನೆಟ್, ಷರಾ ಕಾಲಮ್ಮಿನಲ್ಲಿ ಏನು ಬರೆಯಲಿ?
ಸಡಿಲ ನಟ್ಟು, ಬಿಗಿ ಮಾಡಲಾಗಿದೆ, ಎಂದು ಬರಿ.
ಬರೆದ. ಪೆನ್ನು ಎತ್ತಲಿಲ್ಲ.
ಕಾಲಮ್ಮು ಎರಡಂಗುಲ ಅಗಲ. ಅವನು ಅದನ್ನೇ ನೋಡುತ್ತಿದ್ದ.

ಸೋಮವಾರ ಆರಕ್ಕೆ ಗೇಟಿನ ಬಳಿ ನಾನಿದ್ದೆ,
ಬಿಲ್ಲು ಕೊಡುವ ನೆಪದಲ್ಲಿ.
ಗಾಜಿನಾಚೆ ಜಿವಿಲೆ ಬಿಳಿ ಟೋಪಿ ಸರಿಮಾಡಿಕೊಂಡಳು,
ದಪ್ಪ ಗ್ಲೌಸಿನ ಹಿಂಬದಿಯಿಂದ
ಯಂತ್ರವನ್ನು ಒಮ್ಮೆ ಮುಟ್ಟಿದಳು, ಹಾವು ಮುಟ್ಟಿದಂತೆ.
ತಡೆದಳು.
ಇನ್ನೊಮ್ಮೆ ಮುಟ್ಟಿದಳು.