ಹಿಂದಿನ ಬಳಕೆ

ಪುರಸಭೆಯ ನಮೂನೆಯಲ್ಲಿ ಹದಿನೇಳನೇ ಕಲಮು: ‘ಹಿಂದಿನ ಬಳಕೆ’.
ಬರೆಯಲು ಬಿಟ್ಟ ಜಾಗ ಎರಡು ಬೆರಳಗಲ.
ಟೇಪು, ಟಾರ್ಚು, ಗೋಡೆ ಬಡಿದು ನೋಡಲೊಂದು ಸುತ್ತಿಗೆ ಹಿಡಿದು
ಬೀಗ ತೆಗೆಸಿ ಒಳಬಂದೆ.

ಸೆತೂಬಲ್‌ನಲ್ಲಿ ಸಾದೋ ನದಿ ಕಡಲು ಸೇರುವ ಕಡೆ
ಮೂರಂತಸ್ತು; ಗರಗಸದ ಹಲ್ಲಿನಂಥ ಸೂರು,
ಹಲ್ಲಿಗೊಂದು ಗಾಜು, ಗಾಜಿಗೊಂದು ಬಿರುಕು.

ಮೊದಲು ಮೀನು.
ಸಾರ್ಡೀನಿನ ದೋಣಿ ನಡುರಾತ್ರಿ ಬಂದರೆ ನಡುರಾತ್ರಿಗೆ ಸೈರನ್ನು,
ಮೂರಕ್ಕೆ ಬಂದರೆ ಮೂರಕ್ಕೆ.
ಊರ ತುಂಬ ಫ್ಯಾಕ್ಟರಿ, ಒಂದೊಂದಕ್ಕೂ ಒಂದೊಂದು ಕೂಗು;
ಹತ್ತು ಕೂಸು ಅತ್ತರೂ ತನ್ನದು ಯಾವುದೆಂದು ತಾಯಿಗೆ ತಿಳಿದ ಹಾಗೆ
ನಿದ್ದೆಯಲ್ಲೇ ತಿಳಿಯುತ್ತಿತ್ತಂತೆ ಹೆಂಗಸರಿಗೆ.
‘ನಮ್ಮದು ಒಂದು ಉದ್ದ, ಎರಡು ಗಿಡ್ಡ’
ಎನ್ನುತ್ತಾಳೆ ಎದುರು ಬೀದಿಯ ಜುಲ್ಮೀರಾ,
ತೊಂಬತ್ತೊಂದು ವರುಷ, ಗೇಟಿನಾಚೆಯೇ ನಿಂತು.
ಒಳಗೆ ಬಾ ಅಜ್ಜಿ, ಎಂದೆ.
‘ಇವತ್ತು ಕೂಗಿಲ್ಲವಲ್ಲ.’

ತಲೆ ಕತ್ತರಿಸಿ, ಕರುಳು ಕಿತ್ತು,
ಡಬ್ಬಿಗೆ ಐದರಂತೆ ಮಗ್ಗುಲಾಗಿ ಮಲಗಿಸಿ, ಎಣ್ಣೆ ಹೊದಿಸಿ.
ಉಪ್ಪುನೀರಿಗೆ ಬೆರಳಸಂದು ಒಡೆದರೆ ಉಪ್ಪುನೀರಲ್ಲೇ ತೊಳೆದು.
ಕೂಲಿ ಕೇಳಿದೆ. ನಕ್ಕಳು:
‘ಡಬ್ಬಿಯ ಮೇಲೊಬ್ಬಳು ರಾಣಿ ಇದ್ದಳು.
ಅವಳ ಕೆನ್ನೆಯ ಬಣ್ಣಕ್ಕೆ ಹೆಚ್ಚು ಖರ್ಚಾಗುತ್ತಿತ್ತು.’

ಮೀನು ಬೇರೆ ನೀರು ಹುಡುಕಿಕೊಂಡಿತು. ಮಾಲೀಕರೂ.

ಎಪ್ಪತ್ತೈದರಲ್ಲಿ ಅಂಗೋಲದಿಂದ ಹಡಗಿಳಿದವರು:
ಹುಟ್ಟಿದ ಊರು ಹೊರಗೆ ಹಾಕಿತ್ತು,
ಅಜ್ಜನ ಊರು ಗುರುತು ಹಿಡಿಯಲಿಲ್ಲ.
ನೆಲಕ್ಕೆ ಸೀಮೆಸುಣ್ಣದ ಗೆರೆ, ಗೆರೆಗೊಂದು ಸಂಸಾರ,
ಕಂಬಳಿಯೇ ಗೋಡೆ, ಕೆಮ್ಮಿದರೆ ನೆರೆಮನೆಯವರ ಸಲಹೆ.
ಬೆಲ್ಮೀರೊ ಎಂಬೊಬ್ಬ ಲುವಾಂಡದ ತನ್ನ ಮನೆಯ ಬೀಗದಕೈಯನ್ನು
ಮೂರನೇ ಕಂಬಕ್ಕೆ ಮೊಳೆ ಹೊಡೆದು ನೇತುಹಾಕಿದ್ದ.
ಮೊಳೆ ಇದೆ. ನೆಲದಿಂದ ಐದೂವರೆ ಅಡಿ.
ನಕ್ಷೆಯಲ್ಲಿ ಅದನ್ನು ತೋರಿಸುವ ಚಿಹ್ನೆ ಇಲ್ಲ.

ಆಮೇಲೆ ಹಾಸಿಗೆ ಗೋದಾಮು.
ಹನ್ನೊಂದು ವರುಷ, ಎರಡು ಸಾವಿರ ಹಾಸಿಗೆ,
ಮಲಗಿದವನು ಕಾವಲುಗಾರನೊಬ್ಬನೇ.

ಆಮೇಲೆ ಬ್ರೆಜಿಲ್ಲಿನ ಪಾದ್ರಿ, ಮೈಕು, ಬಾಡಿಗೆ ಕುರ್ಚಿ.
ಮಳೆ ಹಿಡಿದ ಒಂದು ಭಾನುವಾರ
ಐದು ರೊಟ್ಟಿ ಎರಡು ಮೀನಿನ ಕಥೆಗೆ ಅವನು ಬರುವ ಹೊತ್ತಿಗೆ
ಗೋಡೆ ಬೆವರಿತು.
ಹುಟ್ಟುಗುಣ ಸುಟ್ಟರೂ ಹೋಗದು; ಇಲ್ಲಿ ಬರೀ ಸುಣ್ಣ ಬಳಿದಿದ್ದರು.
ಸಾಲುಸಾಲು ಮೂಗು ಮೇಲೆದ್ದವು.
ಆ ಪವಾಡವನ್ನು ಆವತ್ತು ಯಾರೂ ಅನುಮಾನಿಸಲಿಲ್ಲ.

ತೀರಾ ಈಚೆಗೆ, ಕಾಗದಪತ್ರವಿಲ್ಲದೆ, ನೇಪಾಳದ ಹುಡುಗರು.
ಹಗಲು ಹಣ್ಣಿನ ತೋಟ, ರಾತ್ರಿ ಒಂದು ಕೋಣೆಗೆ ಹದಿನಾಲ್ಕು ಮಂದಿ,
ಮಗ್ಗುಲಾಗಿ.
ಟೇಕ್‌ಮಾನ್ ಪುನ್ ಕಿಟಕಿಯ ಪಕ್ಕ ಇದ್ದಿಲಲ್ಲಿ
ಏನೋ ಲೆಕ್ಕ ಬರೆದಿಟ್ಟಿದ್ದಾನೆ; ಕೊನೆಗೆ ಹೆಸರು,
ಅದೊಂದು ಮಾತ್ರ ನನಗೆ ಓದಲು ಬರುವ ಲಿಪಿಯಲ್ಲಿ.
ಉಳಿದದ್ದನ್ನು ಚಿತ್ರ ಬರೆದ ಹಾಗೆ ನಕಲು ಮಾಡಿಕೊಂಡೆ.
ಪೊಲೀಸರು ಬಂದ ದಿನದ ಮಸಿ ಹಿಡಿದ ಪಾತ್ರೆ
ಒಲೆಯ ಮೇಲೆ ಇನ್ನೂ ಇದೆ, ಮುಚ್ಚಳ ಸಮೇತ.
ತೆಗೆದು ನೋಡಲಿಲ್ಲ.

ಇನ್ನು ಮುಂದೆ ಹೋಟೆಲ್ಲು.
ದಿಂಬಿನ ಮೇಲೆ ಡಬ್ಬಿಯ ರಾಣಿಯನ್ನು ಅಚ್ಚು ಹಾಕಿಸುತ್ತಾರಂತೆ.
ವಾಸನೆಗೇನು ಮಾಡಬಹುದು, ಎಂದು ಕೇಳಿದರು.
ಕಿಟಕಿ ತೆಗೆದಿಡಿ, ಎಂದೆ. ಕಿಟಕಿಯಾಚೆ ಕಡಲು.

ಹದಿನೇಳನೇ ಕಲಮಿಗೆ ‘ಗೋದಾಮು’ ಎಂದು ಬರೆದೆ.
ಸರಿಯಾಗಿ ಹಿಡಿಸಿತು.

ಕಳೆದ ಮಂಗಳವಾರ ಹೊಸ ಬೆಂಕಿಯ ಅಲಾರಂ ಕೂರಿಸಿದರು.
ರಾತ್ರಿ ಮೂರಕ್ಕೆ, ಯಾವ ಹೊಗೆಯೂ ಇಲ್ಲದೆ, ಅದು ಕೂಗತೊಡಗಿತು.
ನಿಲ್ಲಿಸುವ ಗುಂಡಿ ಹುಡುಕುತ್ತ ನಾನು ಮೆಟ್ಟಿಲ ಮೇಲಿದ್ದಾಗ
ಗೇಟಿನ ಬಳಿ ಜುಲ್ಮೀರಾ:
ತಲೆಗೆ ವಸ್ತ್ರ, ಸೊಂಟಕ್ಕೆ ಏಪ್ರನ್ನು,
ಕೈಯಲ್ಲಿ ಬಟ್ಟೆ ಸುತ್ತಿದ ಗಿಡ್ಡ ಚಾಕು;
ಹಿಂದೆ ಬೀದಿಯ ಬೆಕ್ಕುಗಳಷ್ಟೂ.

ಕಿವಿಗೊಟ್ಟು ಕೇಳಿದಳು. ಇನ್ನೊಂದು ಸಲ ಕೇಳಿದಳು.
‘ನಮ್ಮದಲ್ಲ’ ಎಂದಳು. ‘ಪಕ್ಕದವರದ್ದು.’
ಬೆರಳು ಬಾಯಿಗೆ ಒಡ್ಡಿ ಆಕಳಿಸಿ ಮಲಗಲು ಹೋದಳು.

ಬೆಕ್ಕುಗಳು ಮಾತ್ರ ಇನ್ನೂ ಸ್ವಲ್ಪ ಹೊತ್ತು ಕಾದವು.