ಕಿರ್ರ್

ಎಡಗಾಲು ತುಳಿದಾಗ ಮಾತ್ರ.
ಬಲಗಾಲಿಗೆ ಇಲ್ಲ, ಇಳಿಜಾರಿನಲ್ಲಿ ಇಲ್ಲ,
ಎದ್ದು ನಿಂತು ತುಳಿದರೆ ಒಮ್ಮೊಮ್ಮೆ.
ಪೇತ್ಸಾ ಬೆಟ್ಟದ ಏರಿನಲ್ಲಿ, ಮೂರನೆಯ ತಿರುವಿಗೆ,
ಉಸಿರು ಮೂಗು ಬಿಟ್ಟು ಬಾಯಿಗೆ ಇಳಿಯುವ ಜಾಗದಲ್ಲಿ
ಕಿರ್ರ್.
ಹಲ್ಲಿ ಲೊಚಗುಟ್ಟಿದ ಹಾಗೆ,
ಯಾವ ಗೋಡೆಯದೆಂದು ತಿಳಿಯದ ಹಾಗೆ.

ನಮ್ಮ ಮೇಜಿತ್ಸಾದಲ್ಲಿ ಇಂಥ ಕಾಯಿಲೆಗೆ
ಮನೆಗೊಬ್ಬ ವೈದ್ಯ.
ತಿಂಕಾರಾ ಹೇಳಿದಳು: ಸೀಟಿನ ಕಂಬ ಕೀಳು, ಒರೆಸು, ಗ್ರೀಸು ಹಚ್ಚು.
ಕಿತ್ತೆ, ಒರೆಸಿದೆ, ಹಚ್ಚಿದೆ.
ಓಜ್ಬೆಯ್ ಹೇಳಿದ: ಪೆಡಲಿನ ಬುಡ ನೋಡು,
ಎಡಗಡೆಯ ಸುತ್ತು ಉಲ್ಟಾ, ಗೊತ್ತಲ್ಲ?
ಗೊತ್ತಿತ್ತು. ಬೆರಳ ಗೆಣ್ಣು ತರಚಿದ ಮೇಲೆ
ಇನ್ನೂ ಚೆನ್ನಾಗಿ ಗೊತ್ತಾಯಿತು.
ಅಂಚೆ ಹಂಚುವ ಸಿಲ್ವೊ ಕಿವಿಯಿಟ್ಟು ಕೇಳಿ
ತೀರ್ಪು ಕೊಟ್ಟ: ಬೇರಿಂಗ್. ನಲವತ್ತೆರಡು ಯೂರೊ.
ಹಾಕಿಸಿದೆ. ಎರಡು ಸಂಜೆ ಮೌನ.
ಮೂರನೆಯ ದಿನ ಅದು
ತವರಿಗೆ ಬಂದ ಹಾಗೆ ಬಂತು, ಗಂಟುಮೂಟೆ ಸಮೇತ.

ಸಲಹೆಗೇನು ಬರ, ಚೈನು ತೊಳೆಯುತ್ತ ತೊಳೆಯುತ್ತ
ಎಲ್ಲರೂ ಎಲ್ಲರಿಗೂ ಕೊಡುತ್ತಾರೆ:
ಕಲ್ಲನ್ನು ನೋಡಬೇಡ, ಕಲ್ಲಿನ ಪಕ್ಕದ ದಾರಿ ನೋಡು,
ಕಣ್ಣು ಹೋದ ಕಡೆಗೇ ಚಕ್ರ.
ಬ್ರೇಕಿಗೆ ಒಂದೇ ಬೆರಳು.
ಒದ್ದೆ ಬೇರನ್ನು ನೇರ ದಾಟು, ಅದರ ಮೇಲೆ ಯೋಚಿಸಬೇಡ.
ಟೈರಿಗೆ ಎಷ್ಟು ಗಾಳಿ ಅನ್ನುವುದೊಂದರಲ್ಲಿ ಒಮ್ಮತವಿಲ್ಲ;
ಆ ಜಗಳಕ್ಕೆ ಊರಲ್ಲಿ ಎರಡು ಮದುವೆ ಮುರಿದಿವೆಯಂತೆ,
ಒಂದಂತೂ ನನ್ನದೇ.

ಭಾನುವಾರ ಬೆಟ್ಟದ ಹೊಟ್ಟೆಯೊಳಗೆ ಹೊಕ್ಕೆವು.
ಸೀಸ ತೀರಿಹೋದ ಗಣಿ. ಅದಿರಿನ ಬಂಡಿ ಹೋದ ದಾರಿಯಲ್ಲಿ
ಈಗ ಸೈಕಲ್ಲು, ಹಣೆಗೊಂದು ದೀಪ.
ಹೊರಗೆ ಜುಲೈ; ಒಳಗೆ ನಮ್ಮ ಉಸಿರು ನಮಗೇ ಕಾಣುವ ಚಳಿ.
ಮುಂದೆ ಗ್ವಿಡೊ, ಇಪ್ಪತ್ತಾರು ವರ್ಷ ಇಲ್ಲೇ ಅಗೆದವನು.
ಅವನ ಸೈಕಲ್ಲಿಗೆ ಸಸ್ಪೆನ್ಷನ್ ಇಲ್ಲ. ಕೇಳಿದರೆ
ಮೊಣಕಾಲು ಇದೆಯಲ್ಲ, ಅನ್ನುತ್ತಾನೆ.

ಥಟ್ಟನೆ ಕೈಯೆತ್ತಿದ. ನಿಂತೆವು.
ದೀಪ ಆರಿಸಿ, ಅಂದ.
ಕತ್ತಲೆ ಅಂದರೆ, ಕಣ್ಣು ಇದ್ದದ್ದೇ ಸುಳ್ಳು ಅನ್ನುವಂಥದ್ದು.
ಎಲ್ಲೋ ಹನಿ ಬೀಳುತ್ತಿತ್ತು.
ಬ್ರೇಕು ಹಿಡಿದು ಎಡಗಾಲು ಒತ್ತು.
ಒತ್ತಿದೆ.
ಕಿರ್ರ್.
ಇನ್ನೊಮ್ಮೆ.
ಕಿರ್ರ್.
ಅವನ ಬೆರಳು ಫ್ರೇಮಿನ ಮೇಲೆ ತೆವಳಿದ್ದು ಕಾಣಲಿಲ್ಲ, ಕೇಳಿಸಿತು,
ನಾಡಿ ಹುಡುಕುವವನ ಹಾಗೆ ನಿಂತು, ಸರಿದು, ನಿಂತು,
ಕೆಳಗಿನ ಬೆಸುಗೆಯ ಹತ್ತಿರ ತಡೆಯಿತು.
ದೀಪ ಹಾಕಿದರೆ
ನೀಲಿ ಬಣ್ಣದ ಅಡಿಗೆ ಕೂದಲಿನಷ್ಟು ಸಣ್ಣ ಗೆರೆ.

ಯಾರೂ ಮಾತಾಡಲಿಲ್ಲ. ಅವನೇ ಆಡಿದ,
ಚಾವಣಿಯ ಕಡೆ ನೋಡುತ್ತ:
ಇಲ್ಲಿ ಆನಿಕೆಗೆ ನಾವು ಸ್ಪ್ರೂಸ್ ಮರವನ್ನೇ ಕೇಳಿ ಪಡೆಯುತ್ತಿದ್ದೆವು.
ಓಕ್ ಗಟ್ಟಿ, ನಿಜ. ಆದರೆ ಮೂಗ.
ಒಂದು ದಿನ ಏನೂ ಹೇಳದೆ ಮುರಿಯುತ್ತದೆ.
ಸ್ಪ್ರೂಸ್ ನರಳುತ್ತದೆ, ಗೊಣಗುತ್ತದೆ,
ಓಡಿಹೋಗುವಷ್ಟು ಹೊತ್ತು ಕೊಟ್ಟು ಸಾಯುತ್ತದೆ.
ನೀನು ನೋಡಿದರೆ ಆರು ವಾರದಿಂದ
ಇದರ ಬಾಯಿಗೆ ಗ್ರೀಸು ತುರುಕುತ್ತಿದ್ದೀಯ.

ಉಳಿದ ದಾರಿ ತಳ್ಳಿಕೊಂಡೇ ಬಂದೆ.
ಹೊರಗೆ ಬಿಸಿಲು ಮುಖಕ್ಕೆ ರಾಚಿದಾಗ
ಸಿಲ್ವೊ ಮೆಲ್ಲಗೆ ಅಂದ,
ಬೇರಿಂಗಂತೂ ಹೊಸದಾಯಿತಲ್ಲ.

ಈಗಿನ ಫ್ರೇಮು ಕಾರ್ಬನ್. ಒಂದೇ ಬೆರಳಲ್ಲಿ ಎತ್ತಬಹುದು.
ಎಲ್ಲರೂ ಹೊಗಳುತ್ತಾರೆ, ಏನು ಮೌನ, ಏನು ಮೌನ.
ಮೂರನೆಯ ತಿರುವು ಬಂದಾಗ ನಾನು ನಿಧಾನಿಸುತ್ತೇನೆ,
ಉಸಿರು ಕಟ್ಟಿ ಎಡಗಾಲು ಒತ್ತುತ್ತೇನೆ,
ಕೇಳುತ್ತೇನೆ.

ಅದು ಏನೂ ಹೇಳುವುದಿಲ್ಲ.