ಎಷ್ಟು ವ್ಯಾಟ್?

ಕಾಜುಬಾಗದ ಎರಡನೇ ಮಹಡಿಯಲ್ಲಿ
ಚಪ್ಪಲಿ ಬಿಟ್ಟು, ತಲೆಗೆ ನೀಲಿ ಟೊಪ್ಪಿ ಹಾಕಿಸಿಕೊಂಡು
ಗಾಜಿನಾಚೆ ನಿಂತೆವು.
ಡಾಕ್ಟರಬಾಯಿ ಬೆರಳು ತೋರಿದಳು:
ಅಗೋ, ಆ ಪೆಟ್ಟಿಗೆಯೊಳಗೆ ನಿಮ್ಮವು. ಏಳು.
ಕತ್ತಲೆಯಲ್ಲೇ ಇಟ್ಟಿದ್ದೇವೆ, ಹೊಟ್ಟೆಯಲ್ಲಿದ್ದ ಹಾಗೆ.
ದಿನಕ್ಕೊಮ್ಮೆ ಮಾತ್ರ ಕೆಂಪು ಬೆಳಕು, ಒಂದು ನಿಮಿಷ.
ಜೀವಕೋಶ ಚುರುಕಾಗಬಹುದು.
ಆಗಬಹುದು ಅಂದೆ, ಆಗುತ್ತದೆ ಅನ್ನಲಿಲ್ಲ.
ಇನ್ನೂ ಪರೀಕ್ಷೆಯಲ್ಲಿದೆ; ಇಲ್ಲಿ ಸಹಿ ಹಾಕಿ.

ನಾನು ಹಾಕಿದೆ.
ರೋಹಿದಾಸ ಪೆನ್ನು ಹಿಡಿದು ಕೇಳಿದ:
ಎಷ್ಟು ವ್ಯಾಟ್?

ಅವಳು ನಕ್ಕಳು. ನಾನು ನಗಲಿಲ್ಲ.
ನನಗೆ ಗೊತ್ತು ಅವನ ಲೆಕ್ಕ.

ಎರಡು ವರ್ಷದ ಹಿಂದೆ ಬೈತಕೋಲದಿಂದ
ಜನರೇಟರ್ ಹೇರಿಕೊಂಡು ಹೋಗುತ್ತಿದ್ದ,
ನಡುಗಡಲಲ್ಲಿ ಹಗಲು ಮಾಡುತ್ತಿದ್ದ.
ಆ ಬಿಳೀ ಬೆಳಕಿನ ಕೊಡೆಯ ಕೆಳಗೆ
ಮದುವೆಮನೆಗೆ ಬಂದ ಹಾಗೆ ಬರುತ್ತಿದ್ದವು
ದೊಡ್ಡವು, ಕಿರುಬೆರಳಿನಷ್ಟವು, ಬಸುರಿಯರು.
ಬಂದವು ತಿರುಗಿ ಹೋಗಲಿಲ್ಲ.
ಬೆಳಿಗ್ಗೆ ನಾನು ಈಳಿಗೆಯ ಮುಂದೆ ಕೂತು
ಬಂಗಡೆಯ ಹೊಟ್ಟೆ ಸೀಳಿದರೆ
ಒಳಗೆ ಗಾಬೋಳಿ, ಜೋಡಿ ಎಸಳು,
ಎಣಿಸಲಾಗದಷ್ಟು.
ಉಪ್ಪು ಖಾರ ಸವರಿ ಹುರಿಯುತ್ತಿದ್ದೆ. ರುಚಿ ಇತ್ತು.
ಅದೇ ವಾರ ಹುಬ್ಬಳ್ಳಿಯಿಂದ ಮೂರನೇ ಸಲ
ಇಲ್ಲ ಅಂತ ಬಂದಿತ್ತು ನನ್ನ ರಿಪೋರ್ಟು.

ಅತ್ತೆ ಅದನ್ನು ಇದಕ್ಕೆ ಗಂಟು ಹಾಕಿದಳು.
ಮೀನಿನ ಶಾಪ ಅಂದಳು.
ನಾನು ನಂಬಲಿಲ್ಲ. ಗಾಬೋಳಿ ಮಾತ್ರ ಬಿಟ್ಟೆ.

ಆಮೇಲೆ ಗಸ್ತಿನ ದೋಣಿಯವರು ಹಿಡಿದರು, ದಂಡ ಬಿತ್ತು.
ಉಳಿದ ನಾಲ್ಕು ಬಲ್ಬು ಅಟ್ಟದ ಮೇಲಿವೆ,
ಸುತ್ತಿದ್ದು ನನ್ನ ಒಳ್ಳೇ ಸೀರೆ, ಕೇಳದೆ.

ಈ ರಾತ್ರಿ ಕರೆಂಟು ಹೋಗಿದೆ.
ಕೋಡಿಬಾಗವಿಡೀ ಕಪ್ಪು.
ಮೂರು ಸಲ ಫೋನು ಮಾಡಿದ:
ನಿಮ್ಮಲ್ಲಿ ಜನರೇಟರ್ ಇದೆಯಲ್ಲ? ಡೀಸೆಲ್ ಇದೆಯಲ್ಲ?
ಬೇಕಾದರೆ ನನ್ನದು ತರಲೇ?
ಆಮೇಲೆ ಹೊರಗೆ ಹೋಗಿ ಮೋಟುಗೋಡೆಯ ಮೇಲೆ ಕೂತ.
ನಾನೂ ಹೋದೆ.
ದೂರದಲ್ಲಿ ದೇವಗಡದ ದೀಪ
ಒಮ್ಮೆ ನಮ್ಮ ಕಡೆ ನೋಡಿ, ಹೋಗಿ,
ಮತ್ತೆ ಬರುವುದರೊಳಗೆ ಎಣಿಸುತ್ತಿದ್ದ, ಬಾಯೊಳಗೇ.

ಬೆಳಿಗ್ಗೆ ಗೊತ್ತಾಗುತ್ತದೆ, ಏಳರಲ್ಲಿ ಎಷ್ಟು.

ಅಷ್ಟು ಕಮ್ಮಿ ಬೆಳಕಿಗೆ ಯಾವ ಮೀನೂ ಬರುವುದಿಲ್ಲ, ಅಂದ.
ಕರೆಯುತ್ತಿಲ್ಲ ಮಾರಾಯ, ಅಂದೆ,
ಇದ್ದಲ್ಲೇ ಇರಿ ಅಂತ ಹೇಳುವುದಕ್ಕೆ
ಅಷ್ಟು ಸಾಕೇನೋ.

ಬೀಡಿಗೆಂದು ಕಡ್ಡಿ ಗೀರಿದವನು
ಗಾಳಿಗೆ ಅಂಗೈ ಅಡ್ಡ ಹಿಡಿದ.
ಬೆರಳ ಸಂದಿಯೆಲ್ಲ ಕೆಂಪಾಯಿತು.
ಬೀಡಿ ಹಚ್ಚಲಿಲ್ಲ.
ಕಡ್ಡಿ ಮುಗಿಯುವವರೆಗೂ ಹಾಗೇ ಹಿಡಿದಿದ್ದ.